ಒಂದೇ ನಂಬರು, ನೂರು ತುಂಡು: ಪಾಸು ಇಲ್ಲಿ ನಡೆಯುತ್ತದೆ, ಅಲ್ಲಿ ಯಾಕಿಲ್ಲ?

ಡೊಂಬಿವಲಿಯಿಂದ ಕಾರಿನಲ್ಲಿ ಹುಬ್ಬಳ್ಳಿಗೆ ಹೊರಟವರು ಫಾಸ್ಟ್ಯಾಗ್‌ನ ವಾರ್ಷಿಕ ಪಾಸು ಮಾಡಿಸಿದ್ದಾರೆ ಎಂದುಕೊಳ್ಳಿ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯ ಟೋಲ್ ದಾಟಿದ ಕೂಡಲೇ ಮೊಬೈಲಿಗೆ ಮೆಸೇಜು ಬರುತ್ತದೆ, ದುಡ್ಡು ಹೋಯಿತು ಅಂತ. ಪಾಸು ಇದ್ದೂ ದುಡ್ಡು ಯಾಕೆ ಹೋಯಿತು? ಪುಣೆ ದಾಟಿ ಖೇಡ್ ಶಿವಾಪುರದ ಟೋಲ್ ನಾಕಾಕ್ಕೆ ಬಂದರೆ ಅಲ್ಲಿ ಒಂದು ರೂಪಾಯಿಯೂ ಹೋಗುವುದಿಲ್ಲ. ಪಾಸಿನಲ್ಲಿರುವ 200 ಟ್ರಿಪ್‌ಗಳಲ್ಲಿ ಒಂದು ಕಡಿಮೆ ಎಂದು ಮಾತ್ರ ಬರುತ್ತದೆ. ಗಾಡಿ ಅದೇ, ಪ್ರಯಾಣ ಅದೇ. ಮುಂಬೈಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ನಂಬರೂ 48 ಒಂದೇ. ಹಾಗಿದ್ದರೆ ನಿಯಮ ಎರಡು ಹೇಗೆ?

ಈ ಪಾಸು ಶುರುವಾದದ್ದು 2025ರ ಆಗಸ್ಟ್ 15ರಂದು, 3,000 ರೂಪಾಯಿಗೆ. ಅಂದಿನಿಂದ ಮುಂಬೈ, ಪುಣೆ, ಗೋವಾದ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಇದೇ ತರಹದ ಪ್ರಶ್ನೆಗಳು. ಅದರ ಜೊತೆಗೇ ಇನ್ನೊಂದು ಸುದ್ದಿ ಆಗಾಗ ತಿರುಗುತ್ತಿರುತ್ತದೆ: ದೇಶದ ಅತಿ ಉದ್ದದ ಹೆದ್ದಾರಿ 44, ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಒಂದೇ ರಸ್ತೆ! ಕೆಳಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಅಷ್ಟುದ್ದ ಮಾಡಿದವರಿಗೆ ಪನ್ವೇಲ್‌ನಿಂದ ಗೋವಾದವರೆಗಿನ ರಸ್ತೆ ಮುಗಿಸೋಕೆ ಏನು ಕಷ್ಟ?

ಎರಡೂ ಪ್ರಶ್ನೆಗಳ ಬೇರು ಒಂದೇ. ಹೆದ್ದಾರಿ ಎಂದರೆ ಉತ್ತರ ಕರ್ನಾಟಕದ ಕೌದಿ ಇದ್ದ ಹಾಗೆ. ದೂರದಿಂದ ಒಂದೇ ಹೊದಿಕೆ, ಹತ್ತಿರ ಹೋದರೆ ಬೇರೆ ಬೇರೆ ಸೀರೆಯ ತುಂಡು. ನಂಬರು ಕೊಡುವವರು ಒಬ್ಬರು, ತುಂಡು ಕಟ್ಟುವವರು ಹಲವರು, ಟೋಲ್ ಎತ್ತುವವರು ಇನ್ನೂ ಹಲವರು.

44 ಎಂಬ ಜೋಡಣೆ

ಮೊದಲು ಅತಿ ಉದ್ದದ ಹೆದ್ದಾರಿಯನ್ನೇ ನೋಡೋಣ. ರಾಷ್ಟ್ರೀಯ ಹೆದ್ದಾರಿ 44ರ ಉದ್ದ 3,745 ಕಿ.ಮೀ. ಎಂದು ಹಲವು ಕಡೆ ಇದೆ. 4,112 ಎಂಬ ಲೆಕ್ಕವೂ ಓಡಾಡುತ್ತಿದೆ. ಯಾವುದನ್ನು ಹಿಡಿದರೂ ದೇಶದಲ್ಲಿ ಇದಕ್ಕಿಂತ ಉದ್ದದ್ದು ಇಲ್ಲ. ಆದರೆ ಯಾರೂ ಒಂದು ದಿನ ಕೂತು ಶ್ರೀನಗರದಿಂದ ಕನ್ಯಾಕುಮಾರಿಗೆ ಹೊಸ ರಸ್ತೆ ಎಳೆಯಲಿಲ್ಲ. ಮೊದಲೇ ಇದ್ದ ಏಳು ಹೆದ್ದಾರಿಗಳನ್ನು ಪೂರ್ತಿಯಾಗಿಯೋ ಭಾಗವಾಗಿಯೋ ಜೋಡಿಸಿ, ಮೇಲೆ 44 ಎಂದು ಬರೆದರು. ಅದರಲ್ಲಿ ದೊಡ್ಡ ಪಾಲು ಹಳೆಯ 7ನೇ ನಂಬರಿನದು. ವಾರಾಣಸಿಯಿಂದ ಕನ್ಯಾಕುಮಾರಿಗೆ ಹೋಗುತ್ತಿದ್ದ ಆ ರಸ್ತೆಯೇ ಹಿಂದೆ ದೇಶದ ಅತಿ ಉದ್ದದ ಹೆದ್ದಾರಿಯಾಗಿತ್ತು, 2,369 ಕಿ.ಮೀ. ಹಾಗಾಗಿ ಹಳೆಯ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ 7 ಎಂದು ಓದಿದವರೂ ಸರಿ, ಈಗ 44 ಎನ್ನುವ ಮಕ್ಕಳೂ ಸರಿ.

ಮಹಾರಾಷ್ಟ್ರದಲ್ಲಿ 44 ಹಾಯುವುದು ವಿದರ್ಭದಲ್ಲಿ ಮಾತ್ರ: ನಾಗಪುರ, ಹಿಂಗಣಘಾಟ್, ಪಾಂಢರಕವಡಾ. ಕರ್ನಾಟಕದಲ್ಲಿ ಬಾಗೇಪಲ್ಲಿಯಲ್ಲಿ ಒಳಗೆ ಬಂದು, ಚಿಕ್ಕಬಳ್ಳಾಪುರ, ಬೆಂಗಳೂರು ದಾಟಿ ಅತ್ತಿಬೆಲೆಯಲ್ಲಿ ಹೊರಗೆ ಹೋಗುತ್ತದೆ. ಮುಂಬೈ, ಪುಣೆ, ಗೋವಾದವರ ಊರಿನ ದಾರಿಗೂ ಇದಕ್ಕೂ ಹೆಚ್ಚು ಸಂಬಂಧವಿಲ್ಲ.

ಉದ್ದ ಇದ್ದ ಮಾತ್ರಕ್ಕೆ ಏನಾಗುತ್ತದೆ ಎನ್ನುವುದಕ್ಕೆ 2025ರ ಆಗಸ್ಟ್ ಕೊನೆ, ಸೆಪ್ಟೆಂಬರ್ ತಿಂಗಳು ಸಾಕ್ಷಿ. ಮಳೆಗೆ ಜಮ್ಮು–ಶ್ರೀನಗರದ ನಡುವೆ, ಉಧಂಪುರದ ಕಡೆ, ಇದೇ 44 ಕುಸಿಯಿತು. ಸೇಬಿನ ಸೀಸನ್ನು ಬೇರೆ. ಲಾರಿಗಳು ಸಾಲುಗಟ್ಟಿ ನಿಂತವು, ಹಣ್ಣು ಪೆಟ್ಟಿಗೆಯಲ್ಲೇ ಕೊಳೆಯಿತು. ಕೊನೆಗೆ ಬಡಗಾಂನಿಂದ ದೆಹಲಿಗೆ ಪಾರ್ಸೆಲ್ ರೈಲು ಬಿಟ್ಟರು. ಕೆಳಗಿನ ಮೂರು ಸಾವಿರಕ್ಕೂ ಜಾಸ್ತಿ ಕಿಲೋಮೀಟರ್ ರಸ್ತೆಗೆ ಏನೂ ಆಗಿರಲಿಲ್ಲ. ಆದರೂ ಕಾಶ್ಮೀರದ ಸೇಬಿಗಾಗಿ ಕಾದಿದ್ದ ದೂರದ ಮಂಡಿಗಳಿಗೆ ಅದರಿಂದ ಉಪಯೋಗವಾಗಲಿಲ್ಲ.

ಹಳೆಯ ನಂಬರುಗಳು ಎಲ್ಲಿ ಹೋದವು?

ಗೊಂದಲದ ಒಂದು ಭಾಗ ಸುಮ್ನೆ ನಂಬರಿನದ್ದು. 2010ರಲ್ಲಿ ಕೇಂದ್ರ ಸರ್ಕಾರ ಎಲ್ಲ ಹೆದ್ದಾರಿಗಳ ನಂಬರು ಬದಲಿಸಿತು. ನಿಯಮ ಸುಲಭ. ಉತ್ತರ–ದಕ್ಷಿಣ ಹೋಗುವ ರಸ್ತೆಗೆ ಸಮ ಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಅದು ಏರುತ್ತದೆ. ಪೂರ್ವ–ಪಶ್ಚಿಮ ಹೋಗುವ ರಸ್ತೆಗೆ ಬೆಸ ಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಇಳಿದಂತೆ ಏರುತ್ತದೆ. ಅದಕ್ಕೇ ದೇಶದ ನಡುವೆ 44, ಅದರ ಪಶ್ಚಿಮಕ್ಕೆ 48 ಮತ್ತು 52, ಸಮುದ್ರದ ಅಂಚಿನಲ್ಲಿ 66. ಪುಣೆಯಿಂದ ಸೋಲಾಪುರ, ಹೈದರಾಬಾದಿಗೆ ಹೋಗುವುದು ಅಡ್ಡ ರಸ್ತೆ, ಅದಕ್ಕೆ 65. ಕವಲು ರಸ್ತೆಗೆ ಮೂರು ಅಂಕಿ, ಕೊನೆಯ ಎರಡು ತಾಯಿ ರಸ್ತೆಯದು. ಬೆಳಗಾವಿಯಿಂದ ಅನಮೋಡ ಘಾಟಿ ಇಳಿದು ಪಣಜಿಗೆ ಹೋಗುವುದು 748, ಅಂದರೆ 48ರ ಕವಲು. ಗೋವಾದ ಕನ್ನಡಿಗರ ಬಾಯಲ್ಲಿ ಅದು ಇನ್ನೂ 4ಎ.

ನಿಯಮ ಸುಲಭ, ಆದರೆ ಹಳೆಯ ನಂಬರನ್ನೇ ಬೇರೆ ಊರಿಗೆ ಕೊಟ್ಟುಬಿಟ್ಟರು. ಪುಣೆಯವರು ಇವತ್ತಿಗೂ ‘ಎನ್‌ಎಚ್ 4’ ಎನ್ನುವ ನಂಬರು ಈಗ ಅಂಡಮಾನಿನ ರಸ್ತೆಯದು. ಉಡುಪಿ, ಕಾರವಾರದವರು ‘ಎನ್‌ಎಚ್ 17’ ಎನ್ನುತ್ತಾರೆ, ಆ ನಂಬರು ಈಗ ಬಂಗಾಳದಿಂದ ಗುವಾಹಟಿಗೆ ಹೋಗುವ ರಸ್ತೆಯದು. ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವುದು ಹಿಂದೆ 48 ಆಗಿತ್ತು, ಈಗ 75. ‘48ರಲ್ಲಿ ಟ್ರಾಫಿಕ್ ಜಾಮ್’ ಎಂದು ಮಂಗಳೂರಿನ ಅಜ್ಜ ಓದಿದರೆ ಅವರ ತಲೆಯಲ್ಲಿ ಬರುವುದು ಸಕಲೇಶಪುರ, ಪುಣೆಯ ಮೊಮ್ಮಗನಿಗೆ ಬರುವುದು ಕಾತ್ರಜ್.

ನಂಬರು ಕೇಂದ್ರದ್ದು, ಕೆಲಸ ಯಾರದು?

1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಹೆದ್ದಾರಿಗಳೆಲ್ಲ ಕೇಂದ್ರದ ಸೊತ್ತು. ಆದರೆ ಕೆಲಸ ಒಬ್ಬರದಲ್ಲ. ಕೆಲವು ಭಾಗ ಹೆದ್ದಾರಿ ಪ್ರಾಧಿಕಾರದ ಕೈಯಲ್ಲಿ. ಕೆಲವು ಭಾಗ ರಾಜ್ಯದ ಲೋಕೋಪಯೋಗಿ ಇಲಾಖೆಯ ಹೆದ್ದಾರಿ ವಿಭಾಗದ ಕೈಯಲ್ಲಿ. ಗಡಿ ಕಡೆ ಇನ್ನೂ ಬೇರೆ ಸಂಸ್ಥೆಗಳಿವೆ.

ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಈ ಪಟ್ಟಿಯಲ್ಲೇ ಇಲ್ಲ. 94.5 ಕಿ.ಮೀ.ಯ ಆ ರಸ್ತೆ ಮಹಾರಾಷ್ಟ್ರ ರಾಜ್ಯ ರಸ್ತೆ ಅಭಿವೃದ್ಧಿ ನಿಗಮದ್ದು. ಮುಂಬೈ–ನಾಗಪುರದ ಸಮೃದ್ಧಿ ಮಹಾಮಾರ್ಗವೂ ಹಾಗೆಯೇ. ವಾರ್ಷಿಕ ಪಾಸು ಕೇಂದ್ರದ ರಾಷ್ಟ್ರೀಯ ಹೆದ್ದಾರಿ ಮತ್ತು ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳದ್ದು, ರಾಜ್ಯದ ರಸ್ತೆಗೆ ಅದು ಲಾಗೂ ಇಲ್ಲ. ಡೊಂಬಿವಲಿಯ ಕಾರಿಗೆ ದುಡ್ಡು ಹೋದದ್ದು ಇದಕ್ಕೆ. ಖೋಪೋಲಿ, ಲೋಣಾವಳ, ತಳೇಗಾಂವ್ ಮೇಲಿನ ಹಳೆಯ ದಾರಿ ನಿಜವಾಗಿ 48. ತಮಾಷೆ ಏನೆಂದರೆ ಅಲ್ಲಿ ಸೋಮಾಟಣೆಯ ಟೋಲೂ ರಾಜ್ಯದ ನಿಗಮದ ಒಪ್ಪಂದದಲ್ಲೇ ನಡೆದು ಬಂದದ್ದು. ಮೈಲಿಗಲ್ಲಿನ ಮೇಲೆ ಕೇಂದ್ರದ ನಂಬರು, ನಾಕಾದಲ್ಲಿ ರಾಜ್ಯದ ರಸೀದಿ.

ಯಾರ ಕೈ ಎನ್ನುವುದರ ಜೊತೆ, ಯಾವ ಒಪ್ಪಂದ ಎನ್ನುವುದೂ ಮುಖ್ಯ. ಒಂದು ಬಗೆಯಲ್ಲಿ ಗುತ್ತಿಗೆದಾರನೇ ದುಡ್ಡು ಹಾಕಿ ರಸ್ತೆ ಮಾಡುತ್ತಾನೆ, ವರ್ಷಗಟ್ಟಲೆ ಟೋಲ್ ಎತ್ತಿ ಅದನ್ನು ವಾಪಸು ಪಡೆಯುತ್ತಾನೆ. ಇದು ಬಿಒಟಿ. ಇನ್ನೊಂದರಲ್ಲಿ ಸರ್ಕಾರ ಪೂರ್ತಿ ದುಡ್ಡು ಕೊಡುತ್ತದೆ, ಗುತ್ತಿಗೆದಾರ ಕಟ್ಟಿ ಹೋಗುತ್ತಾನೆ. 2016ರಿಂದ ಮೂರನೆಯದು ಬಂತು: ಕೆಲಸ ನಡೆಯುವಾಗ ಸರ್ಕಾರ 40 ಶೇಕಡಾ ಕೊಡುತ್ತದೆ, ಉಳಿದದ್ದನ್ನು ಆಮೇಲೆ ಕಂತಿನಲ್ಲಿ.

ಒಪ್ಪಂದ ಎಷ್ಟು ಗಟ್ಟಿಯಾಗಿ ಕೈ ಕಟ್ಟುತ್ತದೆ ಎಂದು ತಿಳಿಯಬೇಕಾದರೆ ಹುಬ್ಬಳ್ಳಿ–ಧಾರವಾಡ ಬೈಪಾಸ್ ನೋಡಬೇಕು. ಪುಣೆಯಿಂದ ಬೆಂಗಳೂರಿನವರೆಗೆ 48 ನಾಲ್ಕು ಲೇನ್ ಆಗಿ ಎಷ್ಟೋ ವರ್ಷ ಕಳೆದರೂ, ನರೇಂದ್ರದಿಂದ ಗಬ್ಬೂರಿನವರೆಗಿನ ಸುಮಾರು 30 ಕಿ.ಮೀ. ಎರಡೇ ಲೇನಿನಲ್ಲಿ ಉಳಿಯಿತು. ಕಾರಣ, ಆ ತುಂಡನ್ನು 1990ರ ದಶಕದಲ್ಲೇ ಬಿಒಟಿಗೆ ಕೊಟ್ಟಾಗಿತ್ತು. ಒಪ್ಪಂದದ ಅವಧಿ ಮುಗಿಯದೆ ಅಗಲ ಮಾಡುವುದು ತಕರಾರಿಗೆ ಸಿಕ್ಕಿತು. ನೂರು ಕಿಲೋಮೀಟರ್ ಸ್ಪೀಡಿನಲ್ಲಿ ಬಂದ ಗಾಡಿಗಳು ಇದ್ದಕ್ಕಿದ್ದಂತೆ ಎದುರುಬದುರಾಗುತ್ತಿದ್ದವು. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಹೆಣ್ಣುಮಕ್ಕಳು ಸತ್ತದ್ದು ಈ ತುಂಡಿನಲ್ಲೇ. ಆಮೇಲೆಯೇ ಆರು ಲೇನಿನ ಕೆಲಸಕ್ಕೆ ವೇಗ ಬಂದದ್ದು.

48 ಬೇಗ, 66 ತಡ: ಯಾಕೆ?

ಈಗ ಕೊಂಕಣದ ಪ್ರಶ್ನೆ. ಮುಂಬೈ ಕನ್ನಡಿಗರಲ್ಲಿ ದೊಡ್ಡ ಪಾಲು ತುಳುನಾಡಿನವರು. ಅವರ ಊರಿನ ನೇರ ದಾರಿ ಹೆದ್ದಾರಿ 66. ಪನ್ವೇಲ್‌ನಲ್ಲಿ ಶುರು, ಮಹಾಡ್, ಚಿಪ್ಳೂಣ್, ಸಾವಂತವಾಡಿ, ಗೋವಾ, ಕಾರವಾರ, ಉಡುಪಿ, ಮಂಗಳೂರು ದಾಟಿ ಕನ್ಯಾಕುಮಾರಿ. ಒಟ್ಟು ಸುಮಾರು 1,600 ಕಿ.ಮೀ.

ಮೊದಲ ಕಾರಣ ಹಳೆಯದು. ವಾಜಪೇಯಿ ಸರ್ಕಾರದ ಕಾಲದಲ್ಲಿ ಎರಡು ದೊಡ್ಡ ಯೋಜನೆ ಶುರುವಾದವು. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಜೋಡಿಸುವ 5,846 ಕಿ.ಮೀ.ಯ ಸುವರ್ಣ ಚತುಷ್ಪಥ ಒಂದು. ಶ್ರೀನಗರ–ಕನ್ಯಾಕುಮಾರಿ ಮತ್ತು ಸಿಲ್ಚರ್–ಪೋರಬಂದರ್ ಕಾರಿಡಾರ್ ಇನ್ನೊಂದು. ದುಡ್ಡು, ಗಮನ, ಗಡುವು ಎಲ್ಲ ಮೊದಲು ಹೋದದ್ದು ಇವಕ್ಕೆ. ಈಗಿನ 48ರ ಪುಣೆ–ಬೆಂಗಳೂರು ಭಾಗ ಮೊದಲನೆಯದರಲ್ಲಿತ್ತು. ಈಗಿನ 44 ಬಹುಪಾಲು ಎರಡನೆಯದರಲ್ಲಿತ್ತು. ಕರಾವಳಿಯ 17, ಅಂದರೆ ಈಗಿನ 66, ಎರಡರಲ್ಲೂ ಇರಲಿಲ್ಲ. ಹಾಗಾಗಿ ಕೊಂಕಣದ ಸರದಿ ಬರುವಷ್ಟರಲ್ಲಿ ಹತ್ತು ವರ್ಷ ಹೋಗಿತ್ತು.

ಎರಡನೆಯ ಕಾರಣ, ಸರದಿ ಬಂದ ಕಾಲವೇ ಸರಿಯಿರಲಿಲ್ಲ. ಪನ್ವೇಲ್–ಇಂದಾಪುರದ 84 ಕಿ.ಮೀ. ಕೆಲಸ 2011ರಲ್ಲಿ ಶುರುವಾಯಿತು. (ಇದು ರಾಯಗಡ ಜಿಲ್ಲೆಯ ಇಂದಾಪುರ. ಸೋಲಾಪುರ ದಾರಿಯ ಇಂದಾಪುರ ಅಲ್ಲ, ಪುಣೆಯವರು ಗಮನಿಸಿ.) ಕೊಟ್ಟದ್ದು ಬಿಒಟಿಯಲ್ಲಿ. ಆ ಹೊತ್ತಿಗೆ ದೇಶದಲ್ಲೆಲ್ಲ ರಸ್ತೆ ಕಂಪನಿಗಳು ಸಾಲದಲ್ಲಿ ಮುಳುಗುತ್ತಿದ್ದವು. ಬಿಒಟಿಯಲ್ಲಿ ಗುತ್ತಿಗೆದಾರನ ಕೈ ಖಾಲಿಯಾದರೆ ರಸ್ತೆಯೂ ನಿಲ್ಲುತ್ತದೆ. ಅವನನ್ನು ತೆಗೆಯಲು ಕಾಗದಪತ್ರ, ಹೊಸಬನನ್ನು ತರಲು ಮತ್ತೆ ಟೆಂಡರು. ಮಧ್ಯೆ ಕರ್ನಾಳಾ ಪಕ್ಷಿಧಾಮ ಬೇರೆ, ಅದಕ್ಕೆ ಅರಣ್ಯದ ಒಪ್ಪಿಗೆ ಬೇಕು.

ಮೂರನೆಯದು ಜಮೀನು. ಇದೇ ಅತಿ ಗಂಟಿನದು. ನಮ್ಮ ಕಡೆ ಪಹಣಿ ಅಂತೀವಲ್ಲ, ಅದೇ ಇಲ್ಲಿನ ಸಾತ್‌ಬಾರಾ. ಕೊಂಕಣದ ಒಂದು ಸಾತ್‌ಬಾರಾ ಉತಾರಾ ತೆಗೆದು ನೋಡಿ. ನಾಲ್ಕು ಗುಂಟೆಗೆ ಇಪ್ಪತ್ತು ಹೆಸರು ಇದ್ದರೂ ಆಶ್ಚರ್ಯವಿಲ್ಲ. ಅರ್ಧ ಜನ ಮುಂಬೈಯ ಗಿರಣಿ ಕಾಲದಲ್ಲೇ ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು. ಯಾರಿಗೆ ಪರಿಹಾರ, ಎಷ್ಟು ಪಾಲು, ಯಾರ ಸಹಿ? ಒಬ್ಬರು ತಕರಾರು ಹೇಳಿದರೂ ಆ ಗುಂಟೆ ನಿಲ್ಲುತ್ತದೆ, ಆ ಗುಂಟೆ ನಿಂತರೆ ಅದರ ಮೇಲಿನ ಸೇತುವೆ ನಿಲ್ಲುತ್ತದೆ. 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರ ಹೆದ್ದಾರಿಗೂ ಲಾಗೂ ಆದ ಮೇಲೆ ರೈತರಿಗೆ ನ್ಯಾಯವಾದ ಬೆಲೆ ಸಿಗುವ ಹಾಗಾಯಿತು. ಯೋಜನೆಯ ಖರ್ಚೂ ಹಿಗ್ಗಿತು.

ಇಂದಾಪುರದಿಂದ ಕೆಳಗೆ, ಸಿಂಧುದುರ್ಗದ ಝಾರಾಪ್‌ವರೆಗಿನ ಕೆಲಸ ರಾಜ್ಯದ ಲೋಕೋಪಯೋಗಿ ಇಲಾಖೆಯದು, ಅದೂ ಹಲವು ಪ್ಯಾಕೇಜುಗಳಾಗಿ. ಇಲ್ಲಿ ಕೌದಿ ಕಣ್ಣಿಗೇ ಕಾಣುತ್ತದೆ. ಸಿಂಧುದುರ್ಗದಲ್ಲಿ ಕಾಂಕ್ರೀಟಿನ ಮೇಲೆ ಗಾಡಿ ಜಾರಿದಂತೆ ಹೋಗುತ್ತಿದ್ದಾಗ, ಮಾಣಗಾಂವ್, ಇಂದಾಪುರ ಬೈಪಾಸ್‌ಗಳು ವರ್ಷಗಟ್ಟಲೆ ಅರ್ಧಕ್ಕೆ ನಿಂತಿದ್ದವು. ಶನಿವಾರ ಬಂದರೆ ಮಾಣಗಾಂವ್ ಪೇಟೆಯೊಳಗೇ ಸಾಲು. ಕಶೇಡಿ ಘಾಟಿಗೆ ಸುರಂಗ ಬಂತು. ಚಿಪ್ಳೂಣ್‌ನಲ್ಲಿ ಕಟ್ಟುತ್ತಿದ್ದ ಮೇಲ್ಸೇತುವೆ 2023ರ ಅಕ್ಟೋಬರ್‌ನಲ್ಲಿ ಕುಸಿಯಿತು.

ಮಳೆ ಎಂಬ ಸಬೂಬು ಪ್ರತಿ ಸಲ ಬರುತ್ತದೆ. ಕೊಂಕಣದ ಮಳೆ ನಿಜಕ್ಕೂ ಜಾಸ್ತಿ, ಕೆಲಸಕ್ಕೆ ಸಿಗುವುದು ಎಂಟೇ ತಿಂಗಳು. ಆದರೆ 2016ರ ಆಗಸ್ಟ್ 2ರ ರಾತ್ರಿ ಮಹಾಡ್ ಹತ್ತಿರ ಸಾವಿತ್ರಿ ನದಿಯ ಬ್ರಿಟಿಷ್ ಕಾಲದ ಸೇತುವೆ ಕೊಚ್ಚಿಹೋಗಿ, ಎರಡು ಎಸ್‌ಟಿ ಬಸ್ಸು ನೀರುಪಾಲಾದ ಮೇಲೆ ಹೊಸ ಸೇತುವೆ 2017ರ ಜೂನ್‌ನಲ್ಲೇ ತೆರೆಯಿತು. ಮಳೆಯೂ ಅದೇ, ಇಲಾಖೆಯೂ ಅದೇ. ವ್ಯತ್ಯಾಸ ಇಷ್ಟೇ: ಜಮೀನಿನ ಗಂಟು ಇರಲಿಲ್ಲ, ದುಡ್ಡು ಕೈಯಲ್ಲಿತ್ತು, ದೇಶವೇ ನೋಡುತ್ತಿತ್ತು.

ಮುಗಿಯದ ರಸ್ತೆಗೆ ಟೋಲ್ ಕೊಡಬೇಕಾ?

ಜಗಳ ಜೋರಾಗುವುದು ಇಲ್ಲಿ. ಟೋಲಿನ ಲೆಕ್ಕ ಇಡೀ ಹೆದ್ದಾರಿಗಲ್ಲ, ತುಂಡಿಗೆ. ಒಂದು ತುಂಡು ತಯಾರಾದರೆ ಅಲ್ಲಿ ವಸೂಲಿ ಶುರು ಮಾಡಬಹುದು, ಮುಂದಿನದು ಹೊಂಡವಾಗಿಯೇ ಇದ್ದರೂ. 66ರಲ್ಲಿ, ರತ್ನಾಗಿರಿ ಜಿಲ್ಲೆಯ ರಾಜಾಪುರ ಹತ್ತಿರ ಹಾತಿವಲೆಯಲ್ಲಿ ನಾಕಾ ಹಾಕಿದಾಗ ಜನ ಎದ್ದದ್ದು ಇದಕ್ಕೆ. ಸರ್ಕಾರ ಹೇಳುವುದು: ಈ ತುಂಡಿಗೆ ಖರ್ಚಾಗಿದೆ, ಈ ತುಂಡು ಬಳಸಿದ್ದೀರಿ, ಕೊಡಿ. ಜನ ಹೇಳುವುದು: ನಾವು ತುಂಡಿನಲ್ಲಿ ಪ್ರಯಾಣ ಮಾಡುವುದಿಲ್ಲ, ಮುಂಬೈಯಿಂದ ಊರಿಗೆ ಹೋಗುತ್ತೇವೆ. ಕಾನೂನು ಸರ್ಕಾರದ ಕಡೆ ಇದೆ, ಆದರೆ ಜನರ ಮಾತಿನಲ್ಲಿ ಹುರುಳು ಜಾಸ್ತಿ ಅಲ್ವಾ? ಹತ್ತು ನಿಮಿಷ ಉಳಿಸಿದ್ದಕ್ಕೆ ಟೋಲ್ ತೆತ್ತು, ಮುಂದಿನ ಪೇಟೆಯಲ್ಲಿ ಒಂದು ಗಂಟೆ ನಿಂತರೆ ಉಳಿದದ್ದೇನು?

ಕೋರ್ಟುಗಳು ಈಚೆಗೆ ಜನರ ಕಡೆ ಸ್ವಲ್ಪ ವಾಲಿವೆ. ಕೇರಳದ ತ್ರಿಶ್ಶೂರ್ ಬಳಿ ಹೆದ್ದಾರಿ 544ರ ಪಾಲಿಯೇಕ್ಕರ ಟೋಲನ್ನು 2025ರ ಆಗಸ್ಟ್‌ನಲ್ಲಿ ಹೈಕೋರ್ಟ್ ತಾತ್ಕಾಲಿಕವಾಗಿ ನಿಲ್ಲಿಸಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಗಾಡಿ ಮುಂದೆ ಹೋಗಲಾರದ ರಸ್ತೆಗೆ ಟೋಲ್ ಯಾಕೆ ಎನ್ನುವ ವಾದ ಅಲ್ಲಿ ನಿಂತಿತು. ನಮ್ಮ ಸುರತ್ಕಲ್ ನಾಕಾ 2022ರ ಡಿಸೆಂಬರ್‌ನಲ್ಲಿ ಮುಚ್ಚಿದ್ದು ಮಾತ್ರ ಕೋರ್ಟಿಗಿಂತ ರಸ್ತೆಯ ಮೇಲಿನ ಹೋರಾಟದಿಂದ.

ಪಾಸಿನ ಲೆಕ್ಕಕ್ಕೆ ಬರೋಣ. ಶುರುವಿನ ಬೆಲೆಯಲ್ಲಿ 3,000 ರೂಪಾಯಿಗೆ 200 ಟ್ರಿಪ್, ಅಂದರೆ ದಾಟಿದ ಒಂದು ನಾಕಾಕ್ಕೆ 15 ರೂಪಾಯಿ ಬೀಳುತ್ತಿತ್ತು. ಹೋಗುವುದು ಒಂದು, ಬರುವುದು ಇನ್ನೊಂದು ಟ್ರಿಪ್. ಪುಣೆಯಿಂದ ಹುಬ್ಬಳ್ಳಿಗೆ ಆರೇಳು ನಾಕಾ. ಹೋಗಿ ಬಂದರೆ ಹನ್ನೆರಡರಿಂದ ಹದಿನಾಲ್ಕು ಟ್ರಿಪ್ ಕಳೆಯುತ್ತದೆ. ವರ್ಷಕ್ಕೆ ಮೂರ್ನಾಲ್ಕು ಸಲ ಊರಿಗೆ ಕಾರು ಓಡಿಸುವವರಿಗೆ ಲಾಭ. ಗಣಪತಿ ಹಬ್ಬಕ್ಕೆ ಒಂದೇ ಸಲ ಹೋಗುವವರು ದುಡ್ಡು ಹಾಕುವ ಮೊದಲು ಒಮ್ಮೆ ಕೂಡಿಸಿ ನೋಡಲಿ.

ಇನ್ನೊಂದು ವಿಷಯ ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಇರುವುದಿಲ್ಲ. ಪಾಸು ಸ್ವಂತ ಕಾರು, ಜೀಪು, ವ್ಯಾನಿಗೆ ಮಾತ್ರ. ಬಸ್ಸಿಗಿಲ್ಲ, ಟ್ಯಾಕ್ಸಿಗಿಲ್ಲ, ತರಕಾರಿ ಲಾರಿಗಿಲ್ಲ. ಸ್ಲೀಪರ್ ಬಸ್ಸಿನಲ್ಲಿ ಊರಿಗೆ ಹೋಗುವವರ ಟಿಕೆಟ್ಟು ಇದರಿಂದ ಒಂದು ರೂಪಾಯಿಯೂ ಇಳಿಯುವುದಿಲ್ಲ. ಮುಂಬೈ ಕನ್ನಡಿಗರಲ್ಲಿ ಕಾರಿನವರಿಗಿಂತ ಬಸ್ಸು, ರೈಲಿನವರೇ ಹೆಚ್ಚು.

ಹಳೆಯದನ್ನು ಮುಗಿಸೋದಾ, ಹೊಸದನ್ನು ಎಳೆಯೋದಾ?

66 ಮುಗಿಯುವ ಮೊದಲೇ ಹೊಸ ಗೆರೆಗಳು ನಕ್ಷೆಯ ಮೇಲೆ ಬಂದಿವೆ. ಕೊಂಕಣಕ್ಕೆ ಹೊಸ ಎಕ್ಸ್‌ಪ್ರೆಸ್‌ವೇ, ಸಮುದ್ರದ ಅಂಚಿಗೆ ರೇವಸ್–ರೆಡ್ಡಿ ಸಾಗರಿ ಮಾರ್ಗ, ನಾಗಪುರದ ಕಡೆಯಿಂದ ಗೋವಾ ಗಡಿಯ ಪತ್ರಾದೇವಿಗೆ 802 ಕಿ.ಮೀ.ಯ ಶಕ್ತಿಪೀಠ ಮಹಾಮಾರ್ಗ. ಕೊನೆಯದರ ಜಮೀನಿಗೆ ಮಹಾರಾಷ್ಟ್ರ ಸಚಿವ ಸಂಪುಟ 2025ರ ಜೂನ್‌ನಲ್ಲಿ 20,787 ಕೋಟಿಗೆ ಒಪ್ಪಿಗೆ ಕೊಟ್ಟಿತು. ಕೊಲ್ಹಾಪುರದ ರೈತರು ವಿರೋಧ ಬಿಡಲಿಲ್ಲ. ಪಕ್ಕದಲ್ಲೇ ರತ್ನಾಗಿರಿ–ನಾಗಪುರ ಹೆದ್ದಾರಿ ಇರುವಾಗ ನೀರಾವರಿ ಭೂಮಿ ಯಾಕೆ ಕೊಡಬೇಕು ಎನ್ನುವುದು ಅವರ ಪ್ರಶ್ನೆ.

ಹೊಸ ರಸ್ತೆ ಬೇಕು ಎನ್ನುವವರ ವಾದವೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಹಳೆಯ ರಸ್ತೆ ಪೇಟೆ ಪೇಟೆ ನುಗ್ಗಿ ಹೋಗುತ್ತದೆ, ಅಗಲ ಮಾಡಿದರೆ ಅಂಗಡಿ, ಮನೆ ಒಡೆಯಬೇಕು, ಮಾಡಿದ ಮೇಲೂ ಅಡ್ಡ ಬರುವ ಸ್ಕೂಟರು, ದನ ತಪ್ಪುವುದಿಲ್ಲ. ಹೊಸ ದಾರಿ ಹೊಲದ ಮೇಲೆ ಹೋದರೆ ಕೆಲಸ ಬೇಗ. ಆದರೆ ಆ ಬೇಗದ ಬೆಲೆಯನ್ನು ಹೊಲದವರು ಕೊಡಬೇಕು. ಮತ್ತೆ ಆ ರಸ್ತೆ ರಾಜ್ಯ ನಿಗಮದ್ದಾದರೆ ವಾರ್ಷಿಕ ಪಾಸು ಅಲ್ಲಿ ನಡೆಯುವುದಿಲ್ಲ. ಕೊಂಕಣದಲ್ಲಿ ದುಡ್ಡಿರುವವರಿಗೆ ಒಂದು ದಾರಿ, ಇಲ್ಲದವರಿಗೆ ಇನ್ನೊಂದು ಆದೀತು. ಪುಣೆ–ಮುಂಬೈ ನಡುವೆ ಈಗಾಗಲೇ ಹಾಗಿದೆ.

ಗೋವಾದ ಜಗಳ ಬೇರೆ ತರಹದ್ದು. ಅಲ್ಲಿ ರಸ್ತೆ ಬೇಕೇ ಎನ್ನುವುದಕ್ಕಿಂತ, ಮಣ್ಣು ತುಂಬಿ ಏರಿಸುತ್ತೀರೋ ಕಂಬದ ಮೇಲೆ ಕಟ್ಟುತ್ತೀರೋ ಎನ್ನುವ ಪ್ರಶ್ನೆ ದೊಡ್ಡದು. ಮಡಗಾಂವ್‌ನ ಪಶ್ಚಿಮ ಬೈಪಾಸಿಗೆ ಬೆಣಾವ್ಲಿಯವರು ಕಂಬವೇ ಬೇಕು ಎಂದು ಹಟ ಹಿಡಿದರು, ತಗ್ಗಿನ ಗದ್ದೆಯಲ್ಲಿ ಮಣ್ಣಿನ ಏರಿ ಹಾಕಿದರೆ ಮಳೆನೀರು ಊರಿನಲ್ಲೇ ನಿಲ್ಲುತ್ತದೆ ಎಂದು. ಅವರ ಭಯ ಬರಿ ಮಾತಲ್ಲ ಎಂದು 2025ರ ಮೇನಲ್ಲಿ ಇದೇ 66 ತೋರಿಸಿತು. ಕೇರಳದ ಮಲಪ್ಪುರಂನ ಕೂರಿಯಾಡ್‌ನಲ್ಲಿ ಗದ್ದೆ ಮೇಲೆ ಎತ್ತರಿಸಿದ ಹೊಸ ರಸ್ತೆ ಕುಸಿದು ಕೆಳಗಿನ ಸರ್ವಿಸ್ ರಸ್ತೆಯ ಮೇಲೆ ಬಿತ್ತು.

ಮುಂದೇನು?

ಟೋಲ್ ಗೇಟುಗಳೇ ಹೋಗುವ ದಿನ ಹತ್ತಿರ ಬರುತ್ತಿದೆ. ಗಾಡಿ ನಿಲ್ಲಿಸದೆ, ಕ್ಯಾಮೆರಾ ಮತ್ತು ಫಾಸ್ಟ್ಯಾಗ್‌ನಿಂದಲೇ ದುಡ್ಡು ಎತ್ತುವ ವ್ಯವಸ್ಥೆಗೆ 2025ರಲ್ಲಿ ಒಪ್ಪಂದವಾಯಿತು. ಮೊದಲು ಆರಿಸಿದ್ದು ಗುಜರಾತಿನ ಚೋರ್ಯಾಸಿ ಮತ್ತು ಹರಿಯಾಣದ ಘರೌಂಡಾ. ಮೊದಲನೆಯದು 48ರ ಮೇಲೆ, ಎರಡನೆಯದು 44ರ ಮೇಲೆ. ಸಾಲು ಹೋಗುತ್ತದೆ, ಒಳ್ಳೆಯದು. ಆದರೆ ನಾಕಾ ಕಣ್ಣಿಗೆ ಕಾಣದಿದ್ದರೆ ಯಾವ ತುಂಡಿಗೆ ಯಾರು ಎಷ್ಟು ತೆಗೆದುಕೊಂಡರು ಎಂದು ಕೇಳುವ ಜಾಗವೂ ಇರುವುದಿಲ್ಲ. ಹಾತಿವಲೆಯಲ್ಲಿ, ಸುರತ್ಕಲ್‌ನಲ್ಲಿ ಜನ ಸೇರಿದ್ದು ಗೇಟಿನ ಮುಂದೆ.

48ರಲ್ಲಿ ಸಾತಾರಾದಿಂದ ಕಾಗಲ್‌ವರೆಗೆ ಆರು ಲೇನ್ ಮಾಡುವ ಕೆಲಸ, ಖಂಬಾಟಕಿ ಘಾಟಿಯಲ್ಲಿ ಹೊಸ ಜೋಡಿ ಸುರಂಗ, ಗೋವಾದ ಪರ್ವರಿಯಲ್ಲಿ ಎತ್ತರದ ರಸ್ತೆ: ಇವೆಲ್ಲ ಒಂದೊಂದು ಬೇರೆ ಗುತ್ತಿಗೆ, ಒಂದೊಂದಕ್ಕೆ ಬೇರೆ ಗಡುವು. ‘ಹೆದ್ದಾರಿ ಮುಂದಿನ ವರ್ಷ ಮುಗಿಯುತ್ತದೆ’ ಎಂದು ಮಂತ್ರಿಗಳು ಹೇಳಿದಾಗ ಕೇಳಬೇಕಾದ್ದು, ಯಾವ ತುಂಡು, ಯಾರ ಕೈಯಲ್ಲಿ, ಜಮೀನು ಪೂರ್ತಿ ಸಿಕ್ಕಿದೆಯಾ ಎಂದು.

ಮಂತ್ರಿಗಳನ್ನು ಕೇಳಲು ಆಗದವರಿಗೆ ಇನ್ನೊಂದು ದಾರಿ ಇದೆ. ಮುಂಬೈಯಿಂದ ಉಡುಪಿ, ಮಂಗಳೂರಿಗೆ ಹೋಗುವ ಹಲವು ಸ್ಲೀಪರ್ ಬಸ್ಸುಗಳು ಕೊಂಕಣದಲ್ಲಿ ಇಳಿಯುವುದೇ ಇಲ್ಲ. ಪುಣೆ, ಕೊಲ್ಹಾಪುರ, ಬೆಳಗಾವಿ ಮೇಲೆ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ 52 ಹಿಡಿದು ಯಲ್ಲಾಪುರದ ಕಾಡು ದಾಟಿ, ಅಂಕೋಲಾದಲ್ಲಿ 66 ಸೇರುತ್ತವೆ. ಸುತ್ತು ಜಾಸ್ತಿ, ಡೀಸೆಲ್ ಜಾಸ್ತಿ, ಟೋಲೂ ಜಾಸ್ತಿ. ಬಸ್ಸಿನ ಮಾಲೀಕರು ಒಂದು ಲೀಟರ್ ಡೀಸೆಲ್ಲಿಗೂ ಲೆಕ್ಕ ಇಡುವವರು. ಅವರ ಬಸ್ಸು ಪನ್ವೇಲ್‌ನಲ್ಲಿ ಬಲಕ್ಕೆ ತಿರುಗಿ ಪೇಣ್ ದಾರಿ ಹಿಡಿದ ದಿನ ಕೊಂಕಣದ ತುಂಡುಗಳು ಕೂಡಿವೆ ಎಂದು ತಿಳಿಯಬಹುದು.